ಮರೆತವನ ನೋವು

ನರರೋಗ ತಜ್ಞ ಆಲಿವರ್ ಸ್ಯಾಕ್ಸ್ 1985ರಲ್ಲಿ ಹೊರತಂದ ‘ದ ಮ್ಯಾನ್ ಹೂ ಮಿಸ್‌ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್’ ಪುಸ್ತಕವೆಂದರೆ ಹೆಚ್ಚಿನವರಿಗೆ ನೆನಪಾಗುವವನು ಡಾಕ್ಟರ್ ಪಿ. ಕಣ್ಣು ಚೆನ್ನಾಗಿದ್ದೂ ಮುಖಗಳ ಗುರುತು ಹತ್ತದೆ, ಹೆಂಡತಿಯ ತಲೆಯನ್ನೇ ಟೋಪಿಯೆಂದು ಎತ್ತಿಕೊಳ್ಳಲು ಹೋದ ಸಂಗೀತಗಾರ. ನನ್ನನ್ನು ಕಾಡುವುದು ಮಾತ್ರ ಎರಡನೆಯ ಅಧ್ಯಾಯದ ಜಿಮ್ಮಿ.

ಜಿಮ್ಮಿ ಅಮೆರಿಕದ ನೌಕಾಪಡೆಯಲ್ಲಿದ್ದವನು. ವಿಪರೀತ ಕುಡಿತದಿಂದ ಬಂದದ್ದು ಕಾರ್ಸಕಾಫ್ ಕಾಯಿಲೆ. ಇದರಲ್ಲಿ ಬಿ1 ಜೀವಸತ್ವ ಸಾಲದೆ, ಹೊಸ ನೆನಪುಗಳನ್ನು ಉಳಿಸಿಕೊಳ್ಳಲು ಬೇಕಾದ ಮಿದುಳಿನ ಭಾಗಗಳು ಹಾಳಾಗುತ್ತವೆ. ಸ್ಯಾಕ್ಸ್ 1975ರಲ್ಲಿ ನೋಡಿದಾಗ ಅವನಿಗೆ 49 ವರ್ಷ. ಅವನ ಲೆಕ್ಕದಲ್ಲಿ ಅದು 1945, ತನಗಿನ್ನೂ 19. ಸ್ಯಾಕ್ಸ್ ಕನ್ನಡಿಯೊಂದನ್ನು ಅವನ ಮುಂದೆ ಹಿಡಿಯುತ್ತಾರೆ. ನರೆತ ಕೂದಲಿನ ಮುಖ ಕಂಡು ಜಿಮ್ಮಿ ಗಾಬರಿಯಿಂದ ಬಿಳಿಚಿಕೊಳ್ಳುತ್ತಾನೆ. ಕಿಟಕಿಯಾಚೆ ಆಡುತ್ತಿದ್ದ ಹುಡುಗರನ್ನು ತೋರಿಸಿ ಸಮಾಧಾನ ಮಾಡುತ್ತಾರೆ; ಕೆಲವೇ ನಿಮಿಷದಲ್ಲಿ ಎಲ್ಲವೂ ಅಳಿಸಿಹೋಗುತ್ತದೆ.

ಕನ್ನಡಿ ಹಿಡಿದ ಈ ತಪ್ಪಿಗಾಗಿ ತಮ್ಮನ್ನು ತಾವು ಎಂದೂ ಕ್ಷಮಿಸಿಕೊಳ್ಳಲಿಲ್ಲವೆಂದು ಸ್ಯಾಕ್ಸ್ ಬರೆಯುತ್ತಾರೆ. ಅದೇ ಉಸಿರಿನಲ್ಲಿ, ಜಿಮ್ಮಿಗೆ ನೆನಪುಳಿಯುವಂತಿದ್ದರೆ ಅದು ಪರಮ ಕ್ರೌರ್ಯವಾಗುತ್ತಿತ್ತು ಎಂದೂ ಸೇರಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ನೆನಪುಳಿಯದಿದ್ದರೆ ಕ್ರೌರ್ಯ ಕಡಿಮೆಯಾಗುತ್ತದೆಯೇ?

ಮುಂದೆ ಇದೇ ಅಧ್ಯಾಯ ತುಂಬ ಎತ್ತರಕ್ಕೆ ಏರುತ್ತದೆ. ಇವನಲ್ಲಿ ಆತ್ಮವೆಂಬುದು ಉಳಿದಿದೆಯೇ ಎಂದು ಸ್ಯಾಕ್ಸ್ ಅವನನ್ನು ನೋಡಿಕೊಳ್ಳುತ್ತಿದ್ದ ಸಂನ್ಯಾಸಿನಿಯರನ್ನು ಕೇಳುತ್ತಾರೆ. ಪ್ರಾರ್ಥನೆಯ ಹೊತ್ತಿಗೆ ಬಂದು ಅವನನ್ನು ನೋಡಿ ಎನ್ನುತ್ತಾರೆ ಅವರು. ನಿಮಿಷದ ಹಿಂದಿನದ್ದು ನೆನಪಿರದ ಮನುಷ್ಯ ಅಲ್ಲಿ ಒಂದಿಷ್ಟೂ ಚದುರದೆ, ತನ್ಮಯನಾಗಿ, ಇಡಿಯಾಗಿ ಇರುತ್ತಾನೆ. ನೆನಪಿನ ಎಳೆ ಕಡಿದುಹೋದ ಮೇಲೂ ‘ನಾನು’ ಉಳಿಯಬಲ್ಲದು ಎಂಬ ಮಾತನ್ನು ವೈದ್ಯರೊಬ್ಬರು ಇಷ್ಟು ಪ್ರೀತಿಯಿಂದ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ರೋಗಿಗೆ ಏನಿಲ್ಲವೆಂದು ಅಳೆಯುವ ಪರೀಕ್ಷೆಗಳ ನಡುವೆ ಏನಿದೆಯೆಂದು ಹುಡುಕಿದ್ದೇ ಸ್ಯಾಕ್ಸ್ ಅವರ ಹಿರಿಮೆ.

ಆದರೆ ಪ್ರಾರ್ಥನೆಯ ಆ ಹೊತ್ತು ಜಿಮ್ಮಿಯ ಪಾಲಿಗೆ ಪೂರ್ಣವಾಗಿತ್ತು ಎಂದ ಮೇಲೆ, ಕನ್ನಡಿಯ ಮುಂದಿನ ಆ ಹೊತ್ತೂ ಅಷ್ಟೇ ಪೂರ್ಣ. ಶಾಂತಿಗೆ ನೆನಪಿನ ಹಂಗಿಲ್ಲವಾದರೆ ಭಯಕ್ಕೂ ಇಲ್ಲ. ಒಂದನ್ನು ಆತ್ಮಕ್ಕೆ ಸಾಕ್ಷಿಯಾಗಿ ಹಿಡಿದು, ಇನ್ನೊಂದನ್ನು ಮರೆವಿನ ಲೆಕ್ಕಕ್ಕೆ ಬರೆಯಲಾಗದು. ಸ್ಯಾಕ್ಸ್ ತಾವೇ ಕಂಡ ಸತ್ಯವನ್ನು ಕನ್ನಡಿಯ ಪ್ರಸಂಗದವರೆಗೆ ಹಿಂದಕ್ಕೆ ಒಯ್ಯಲಿಲ್ಲ.

ಮರೆವಿನ ಕಾಯಿಲೆಯ ಹಿರಿಯರಿರುವ ನಮ್ಮ ಮನೆಗಳಲ್ಲಿ, ಗದರಿದ ಮೇಲೆ ಅವರೆದುರೇ ಹೇಳಿಬಿಡುತ್ತೇವೆ: “ಹೇಗೂ ಅವರಿಗೆ ನೆನಪಿರಲ್ಲ ಬಿಡಿ.” ಸ್ಯಾಕ್ಸ್‌ರಂಥ ಕರುಣೆಯ ಬರಹಗಾರರ ವಾಕ್ಯದೊಳಗೂ ಈ ಸಮಾಧಾನ ನುಸುಳಿದೆಯಲ್ಲ ಎಂಬುದೇ ನನಗೆ ಕಳವಳ.