ಹೇಜಲ್‌ಟನ್ ಶವದಿಬ್ಬವೂ ವಂಶವೆಂಬ ಶಬ್ದವೂ

ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಹೇಜಲ್‌ಟನ್ ನಾರ್ತ್ ಎಂಬ ನವಶಿಲಾಯುಗದ ಶವದಿಬ್ಬವೊಂದಿದ್ದಿತು. ಇದನ್ನು ಅಲನ್ ಸ್ಯಾವಿಲ್ ಎಂಬ ಪ್ರಾಕ್ತನವಿಮರ್ಶಕರು 1979ರಿಂದ 1982ರವರೆಗೆ ಅಗೆದು ಪರಿಶೀಲಿಸಿದರು. ಕ್ರಿ. ಪೂ. 3700ಕ್ಕೂ 3600ಕ್ಕೂ ನಡುವಣ ಈ ಕಲ್ಲಿನ ದಿಬ್ಬದಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಶವಕೋಣೆಗಳಿದ್ದವು. ದಿಬ್ಬದಡಿಯ ಮಣ್ಣಿನಲ್ಲಿ ಧಾನ್ಯದ ಸುಟ್ಟ ಕಾಳುಗಳೂ ಅರೆಯುವ ಕಲ್ಲಿನ ಚೂರುಗಳೂ ಸಾಕುಪ್ರಾಣಿಗಳ ಎಲುಬುಗಳೂ ದೊರೆತುದರಿಂದ, ಇದನ್ನು ಕಟ್ಟಿದವರು ಆ ದ್ವೀಪದ ಆದಿಯ ಬೇಸಾಯಗಾರರ ಪೈಕಿಯವರೆಂಬುದು ವಿದಿತವಾಗುತ್ತದೆ.

ಇಲ್ಲಿಯ 35 ಮಂದಿಯ ಎಲುಬುಹಲ್ಲುಗಳಿಂದ ಡಿ.ಎನ್.ಎ. ಎಂಬ ಬೀಜದ್ರವ್ಯವನ್ನು ತೆಗೆದು ಪರೀಕ್ಷಿಸಿದ ಫಲವು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇವರಲ್ಲಿ 27 ಮಂದಿ ಐದು ತಲೆಮಾರುಗಳ ಒಂದೇ ವಂಶವೃಕ್ಷಕ್ಕೆ ಸೇರಿದವರು. ಮೂಲಪುರುಷನೊಬ್ಬನು, ಅವನ ಮಕ್ಕಳ ತಾಯಂದಿರು ನಾಲ್ವರು. ತಲೆಮಾರಿನಿಂದ ತಲೆಮಾರಿಗೆ ವಂಶವು ಗಂಡಸರ ಮೂಲಕವೇ ಇಳಿದಿದೆ. ವಂಶದ ಪ್ರಾಪ್ತವಯಸ್ಕ ಹೆಣ್ಣುಮಕ್ಕಳು ಅಲ್ಲಿಲ್ಲ.

ಇದನ್ನೋದಿದೊಡನೆಯೇ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ನಮ್ಮ ಗಾದೆಯು ನೆನಪಿಗೆ ಬಂದು, ‘ಇದು ಪಿತೃವಂಶದ ಸಮಾಧಿ’ ಎಂದು ತೀರ್ಮಾನಿಸುವುದು ಸುಲಭ. ಆದರೆ ಈ ತೀರ್ಮಾನವು ಅರ್ಧಸತ್ಯವೆಂದೇ ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಆ ನಾಲ್ವರು ತಾಯಂದಿರಲ್ಲಿ ಇಬ್ಬರ ಸಂತತಿಯನ್ನು ಎಲ್ಲ ತಲೆಮಾರುಗಳಲ್ಲಿಯೂ ದಿಬ್ಬದ ಒಂದೇ ಭಾಗದಲ್ಲಿ ಇರಿಸಿರುವರು. ಎಂದರೆ, ಯಾವ ತಾಯಿಯ ಮಕ್ಕಳೆಂಬುದು ಮರೆತುಹೋಗಿರಲಿಲ್ಲ. ಎರಡನೆಯದಾಗಿ, ನಾಲ್ವರು ಗಂಡಸರ ತಂದೆಯರು ಈ ವಂಶದವರಲ್ಲ. ಅವರ ತಾಯಂದಿರು ಮಾತ್ರ ಈ ವಂಶದ ಗಂಡಸರಿಂದಲೂ ಮಕ್ಕಳನ್ನು ಪಡೆದವರು. ಈ ಮಲಮಕ್ಕಳೂ ಅದೇ ದಿಬ್ಬದಲ್ಲಿ ಸ್ಥಾನ ಪಡೆದಿರುವರು. ಮೂರನೆಯದಾಗಿ, ಉಳಿದ 8 ಮಂದಿಗೆ ಈ ವಂಶದೊಡನೆ ಹತ್ತಿರದ ರಕ್ತಸಂಬಂಧವೇ ಕಾಣದು.

ರಕ್ತಸಂಬಂಧಕ್ಕೂ ಮಿಗಿಲಾದ ಬಾಂಧವ್ಯವಿದ್ದಿರಬಹುದೆಂದು ಸಂಶೋಧಕರೇ ಸೂಚಿಸಿರುವರು. ಈ ಸೂಚನೆಯನ್ನು ಟಿಪ್ಪಣಿಯಂತೆ ಕಡೆಗೊತ್ತದೆ, ವ್ಯಾಖ್ಯಾನದ ನಡುವಣಕ್ಕೆ ತರಬೇಕು. ಎಲುಬು ಹೆತ್ತವರನ್ನು ತೋರಿಸಬಲ್ಲುದು. ಸಾಕಿದವರನ್ನೂ ಮಗನೆಂದು ಕರೆದವರನ್ನೂ ತೋರಿಸಲಾರದು. ಅದಕ್ಕೆ ಸಾಕ್ಷಿ, ಶವವನ್ನು ಇರಿಸಿದ ಸ್ಥಳವೊಂದೇ. ‘ಹೆತ್ತ ಮಗ’, ‘ಸಾಕುಮಗ’, ‘ಮಲಮಗ’ ಎಂದು ನಮ್ಮ ನುಡಿಯು ಬೇರೆಬೇರೆಯಾಗಿ ಹೇಳಿದರೂ, ಆ ಮೂರರಲ್ಲಿಯೂ ‘ಮಗ’ ಎಂಬ ಶಬ್ದವನ್ನು ಬಿಟ್ಟಿಲ್ಲ. ಹೇಜಲ್‌ಟನ್ನಿನ ಬೇಸಾಯಗಾರರೂ ಬಿಟ್ಟಂತೆ ತೋರುವುದಿಲ್ಲ. ಆದುದರಿಂದ ಈ ದಿಬ್ಬದ ವಿಷಯದಲ್ಲಿ ವಂಶವೆಂಬ ಶಬ್ದವನ್ನು ಬಳಸುವವರು ಹುಟ್ಟಿನೊಡನೆ ಅಂಗೀಕಾರವನ್ನೂ ಅದರ ಅರ್ಥದೊಳಗೆ ಸೇರಿಸಿಕೊಳ್ಳುವುದು ಯುಕ್ತ.