ಸ್ಮೃತಿ–ಸಮಾಧಿ ವಿಚಾರ

ಬೌದ್ಧರ ಅಷ್ಟಾಂಗಮಾರ್ಗದಲ್ಲಿ ಏಳನೆಯದು ಸಮ್ಯಕ್‌ಸ್ಮೃತಿ, ಎಂಟನೆಯದು ಸಮ್ಯಕ್‌ಸಮಾಧಿ. ಇವೆರಡರ ಸಂಬಂಧವನ್ನು ವಿಚಾರಿಸುವುದೇ ಈ ಕಿರುಲೇಖನದ ಉದ್ದೇಶವು. ಈಚೆಗೆ ಹಲವರು ಹೀಗೆ ಪ್ರತಿಪಾದಿಸುತ್ತಿರುವರು: ಸಮಾಧಿಯು ಬುದ್ಧನಿಗೆ ಮೊದಲೇ ಇದ್ದ ಸಾಧನೆ, ಅದನ್ನು ಆತನು ಆಳಾರ ಕಾಲಾಮ, ಉದ್ದಕ ರಾಮಪುತ್ತ ಎಂಬವರಲ್ಲಿ ಕಲಿತು, ಸಾಲದೆಂದು ಬಿಟ್ಟನು, ಸ್ಮೃತಿಯೇ ಆತನ ಸ್ವಂತ ಶೋಧನೆ, ಆದುದರಿಂದ ಮುಮುಕ್ಷುವಿಗೆ ಸ್ಮೃತಿಯೊಂದೇ ಸಾಕು. ಈ ಮತವು ಗ್ರಾಹ್ಯವೋ ಅಲ್ಲವೋ ಎಂಬುದನ್ನು ಮೂಲಗ್ರಂಥಗಳಿಂದಲೇ ನಿರ್ಣಯಿಸತಕ್ಕದ್ದು.

ಪೂರ್ವಪಕ್ಷದಲ್ಲಿ ಸತ್ಯಾಂಶವಿಲ್ಲದಿಲ್ಲ. ಕೇವಲ ಸಮಾಧಿಯಿಂದ ದುಃಖನಿವೃತ್ತಿಯಾಗದೆಂಬುದು ಬುದ್ಧನಿಗೆ ಸಮ್ಮತವೇ. ಧ್ಯಾನಸುಖದ ಆರ್ದ್ರತೆಯಿಲ್ಲದೆ ವಿಪಶ್ಯನೆಯಿಂದಲೇ ನಡೆಯುವ ‘ಶುಷ್ಕವಿಪಶ್ಯಕ’ನನ್ನು ಪಾಲಿ ವ್ಯಾಖ್ಯಾನಕಾರರು ಅಂಗೀಕರಿಸಿರುವರು. ಆದರೆ ಅಂಥವನಿಗೂ ಕ್ಷಣಿಕಸಮಾಧಿಯು ಬೇಕೆಂದೇ ಅವರ ಸಿದ್ಧಾಂತ.

ಇನ್ನು ಬುದ್ಧನು ಸಮಾಧಿಯನ್ನು ಬಿಟ್ಟನೆಂಬ ಮಾತು. ಮಜ್ಝಿಮನಿಕಾಯದ ಮಹಾಸಚ್ಚಕಸುತ್ತವನ್ನು ನೋಡಬೇಕು. ಉಗ್ರತಪಸ್ಸಿನಿಂದ ಬಳಲಿದ ಗೌತಮನಿಗೆ, ಬಾಲ್ಯದಲ್ಲಿ ನೇರಳೆಮರದ ನೆರಳಿನಲ್ಲಿ ಕುಳಿತಿದ್ದಾಗ ತಾನಾಗಿಯೇ ಒದಗಿದ ಪ್ರಥಮಧ್ಯಾನವು ನೆನಪಾಗುತ್ತದೆ. ಇದೇ ಬೋಧಿಯ ಮಾರ್ಗವಾಗಿರಬಹುದೇ ಎಂದು ಆತನು ಆಲೋಚಿಸುತ್ತಾನೆ. ಅಹುದೆಂಬ ನಿಶ್ಚಯವು ಸ್ಮೃತಿಯನ್ನನುಸರಿಸಿ ಬಂದ ವಿಜ್ಞಾನವೆಂದು ಸುತ್ತವು ಹೇಳುತ್ತದೆ. ಇಲ್ಲಿ ಸ್ಮೃತಿಯು ಸಮಾಧಿಯನ್ನು ನಿರಾಕರಿಸಲಿಲ್ಲ. ಕಳೆದುಹೋಗಿದ್ದ ಸಮಾಧಿಯನ್ನು ಹುಡುಕಿಕೊಟ್ಟಿತು.

ಅದೇ ನಿಕಾಯದ ಚೂಳವೇದಲ್ಲಸುತ್ತದಲ್ಲಿ ಧಮ್ಮದಿನ್ನಾ ಎಂಬ ಭಿಕ್ಷುಣಿಯು ಸಮಾಧಿಯೆಂದರೆ ಚಿತ್ತದ ಏಕಾಗ್ರತೆಯೆಂದೂ, ನಾಲ್ಕು ಸ್ಮೃತ್ಯುಪಸ್ಥಾನಗಳೇ ಅದರ ನಿಮಿತ್ತವೆಂದೂ ಉತ್ತರಿಸುವಳು. ಸಮ್ಯಕ್‌ವ್ಯಾಯಾಮ, ಸ್ಮೃತಿ, ಸಮಾಧಿಗಳು ಮೂರೂ ಒಂದೇ ಸಮಾಧಿಸ್ಕಂಧದಲ್ಲಿ ಸೇರುವುವೆಂಬುದೂ ಆಕೆಯ ವಚನವೇ. ಚತುರ್ಥಧ್ಯಾನದ ವರ್ಣನೆಯಲ್ಲಂತೂ ಸ್ಮೃತಿಯು ಉಪೇಕ್ಷೆಯಿಂದ ಪರಿಶುದ್ಧವಾಗುವುದೆಂದು ಹೇಳಿದೆ. ಆರಂಭದಲ್ಲಿ ಸ್ಮೃತಿಯು ಸಮಾಧಿಗೆ ಉಪಕಾರಿ. ಅಂತ್ಯದಲ್ಲಿ ಸಮಾಧಿಯು ಸ್ಮೃತಿಗೆ ಉಪಕಾರಿ.

ಸ್ಮೃತಿಯನ್ನು ಬಿಟ್ಟು ಏಕಾಗ್ರತೆಯಿರಬಹುದೇ? ಇಲ್ಲಿ ಬೌದ್ಧರಲ್ಲಿಯೇ ಮತಭೇದವುಂಟು. ವಸುಬಂಧುವು ಅಭಿಧರ್ಮಕೋಶದಲ್ಲಿ ಸ್ಮೃತಿ ಸಮಾಧಿಗಳೆರಡನ್ನೂ ಎಲ್ಲ ಚಿತ್ತಗಳಿಗೂ ಸಾಧಾರಣವಾದ ಹತ್ತು ಧರ್ಮಗಳಲ್ಲಿ ಎಣಿಸಿದನು. ಥೇರವಾದಿಗಳ ಅಭಿಧಮ್ಮದಲ್ಲಿ ಏಕಾಗ್ರತೆಯು ಸರ್ವಚಿತ್ತಸಾಧಾರಣ. ಸ್ಮೃತಿಯಾದರೋ ಶೋಭನಚಿತ್ತಗಳಲ್ಲಿ ಮಾತ್ರ ಇರತಕ್ಕದ್ದು. ಕೆರೆಯ ದಡದಲ್ಲಿ ಒಂಟಿಕಾಲಿನಲ್ಲಿ ನಿಂತ ಬಕನಿಗೆ ಏಕಾಗ್ರತೆ ಸಾಲದೆಂದು ಯಾರು ಹೇಳಿಯಾರು? ನಮ್ಮ ಜನರು ‘ಬಕಧ್ಯಾನ’ವೆಂಬ ಒಂದೇ ಮಾತಿನಲ್ಲಿ ಥೇರವಾದಿಗಳ ಈ ಸೂಕ್ಷ್ಮಭೇದವನ್ನು ಹಿಡಿದಿಟ್ಟಿರುವರು. ಆದುದರಿಂದಲೇ ೫ನೆಯ ಶತಮಾನದ ಬುದ್ಧಘೋಷನು ವಿಸುದ್ಧಿಮಗ್ಗದಲ್ಲಿ, ಸಮಾಧಿಯು ವೀರ್ಯಕ್ಕೆ ಸಮನಾಗಿರಬೇಕು, ಹೆಚ್ಚಿದರೆ ಆಲಸ್ಯಕ್ಕೆಳೆಯುವುದು, ಸ್ಮೃತಿಯಾದರೋ ಎಲ್ಲ ವ್ಯಂಜನಗಳಿಗೂ ಬೇಕಾದ ಉಪ್ಪಿನಂತೆ ಸರ್ವತ್ರ ಬೇಕು ಎಂದು ವಿವರಿಸಿದನು. ಕರುವನ್ನು ಕಂಬಕ್ಕೆ ಕಟ್ಟುವ ಹಗ್ಗದ ಉಪಮಾನವೂ ಆತನದೇ: ಶ್ವಾಸವು ಕಂಬ, ಚಿತ್ತವು ಕರು, ಸ್ಮೃತಿಯು ಹಗ್ಗ. ಎಳೆದಾಡಿ ಸಾಕಾದ ಕರುವು ಕಂಬದ ಬುಡದಲ್ಲಿಯೇ ಮಲಗುವುದು. ಅದೇ ಸಮಾಧಿಯೆಂದು ತಿಳಿಯಬಹುದು. ಹಗ್ಗವನ್ನು ಹೊಗಳುತ್ತ ಕರುವಿನ ವಿಶ್ರಾಂತಿಯನ್ನು ಅನಾವಶ್ಯಕವೆನ್ನುವುದು ಯುಕ್ತವಲ್ಲ.

ಈಗ ಕನ್ನಡದ ಪದವಿಚಾರ. ೧೮೮೧ರಲ್ಲಿ ರೈಸ್ ಡೇವಿಡ್ಸರು ಪಾಲಿಯ ‘ಸತಿ’ಯನ್ನು ಆಂಗ್ಲದಲ್ಲಿ ‘ಮೈಂಡ್‌ಫುಲ್‌ನೆಸ್’ ಎಂದು ಭಾಷಾಂತರಿಸಿದರು. ಅದನ್ನು ಮರಳಿ ಕನ್ನಡಿಸುವವರು ‘ಸಾವಧಾನತೆ’ ಎನ್ನುತ್ತಿರುವರು. ಅವಧಾನವೆಂದರೆ ಮನಸ್ಸನ್ನು ಒಂದೆಡೆ ಇಡುವುದು. ಅದು ಸಮಾಧಿಯ ನೆರೆಯ ಪದ. ಹೀಗೆ ಕರೆದರೆ ಏಳನೆಯ ಅಂಗವು ಎಂಟನೆಯದರಲ್ಲಿ ಲೀನವಾಗಿ, ಸಂಬಂಧದ ಪ್ರಶ್ನೆಯೇ ಮರೆಯಾಗುವುದು. ಸಂಯುತ್ತನಿಕಾಯದ ಇಂದ್ರಿಯವಿಭಾಗದಲ್ಲಿ ಸ್ಮೃತಿಮಂತನೆಂದರೆ ಬಹುಕಾಲದ ಹಿಂದೆ ಮಾಡಿದ್ದನ್ನೂ ಆಡಿದ್ದನ್ನೂ ನೆನೆಯಬಲ್ಲವನು. ಆದುದರಿಂದ ‘ನೆನಹು’ ಎಂಬ ದೇಶ್ಯಶಬ್ದವೇ ಮೇಲೆಂದು ನನ್ನ ಮತ. ಹಿಡಿದ ವಿಷಯವನ್ನು ಜಾರಗೊಡದ ನೆನಹು ಸ್ಮೃತಿ. ಅದರಲ್ಲಿ ಮನಸ್ಸು ನೆಲೆಗೊಳ್ಳುವುದು ಸಮಾಧಿ.

ಕಡೆಯಲ್ಲಿ ಒಂದು ತಪ್ಪೊಪ್ಪಿಗೆ. ಪತಂಜಲಿಯು ಮೊದಲನೆಯ ಪಾದದ ೨೦ನೆಯ ಸೂತ್ರದಲ್ಲಿ ಶ್ರದ್ಧೆ, ವೀರ್ಯ, ಸ್ಮೃತಿ, ಸಮಾಧಿ, ಪ್ರಜ್ಞೆಗಳನ್ನು ಹೇಳಿರುವನು; ಬೌದ್ಧರ ಪಂಚೇಂದ್ರಿಯಗಳೂ ಇವೇ, ಕ್ರಮವೂ ಇದೇ. ಅಲ್ಲಿಯ ಸ್ಮೃತಿಯನ್ನು ಗುರೂಪದೇಶದ ಸ್ಮರಣೆಯೆಂದಷ್ಟೇ ನಾನು ಬಹುವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದೆನು. ಸ್ಮೃತಿಯು ನೆಲೆನಿಂತರೆ ಚಿತ್ತವು ಕಲಕದೆ ಸಮಾಧಿಗೊಳ್ಳುವುದೆಂದು ವ್ಯಾಸಭಾಷ್ಯವು ಸ್ಪಷ್ಟವಾಗಿ ಹೇಳಿದ್ದರೂ ಅದರ ಮಹತ್ತ್ವವು ನನಗೆ ಹೊಳೆಯಲಿಲ್ಲ. ಪಾಲಿಗ್ರಂಥಗಳನ್ನು ಓದಿದ ಮೇಲೆಯೇ ನಮ್ಮ ಭಾಷ್ಯವು ನನಗೆ ಅರ್ಥವಾಯಿತು. ಪರಮತಗ್ರಂಥವನ್ನು ಖಂಡನೆಗಾಗಿ ಮಾತ್ರ ಓದುವ ರೂಢಿಯುಳ್ಳ ನಮ್ಮ ಪಾಠಶಾಲೆಗಳು ಇದನ್ನು ಗಮನಿಸಬೇಕಾಗಿ ವಿಜ್ಞಾಪನೆ.