ಅರ್ಧ ಗುಲಗಂಜಿ ಚಿನ್ನ

ಕುವೆಂಪು ವಿಶ್ವವಿದ್ಯಾಲಯದ ಘಟಿಕೋತ್ಸವದ ಮರುದಿನ ಶಿವಮೊಗ್ಗದ ಪತ್ರಿಕೆಗಳನ್ನು ನಾನು ತಪ್ಪದೆ ನೋಡುತ್ತೇನೆ. ಕೊರಳ ತುಂಬ ಪದಕ ಹಾಕಿಕೊಂಡ ಒಬ್ಬ ಹುಡುಗಿ, ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅವಳ ತಾಯಿ, ಹೀಗೊಂದು ಫೋಟೋ ಇದ್ದೇ ಇರುತ್ತದೆ. ಎಷ್ಟೋ ವರ್ಷಗಳಲ್ಲಿ ಆ ಹುಡುಗಿ ಕನ್ನಡ ಎಂ.ಎ. ಓದಿದವಳಾಗಿರುತ್ತಾಳೆ. ಕೂಲಿ ಮಾಡುವವರ, ಸಣ್ಣ ರೈತರ ಮನೆಯ ಮಕ್ಕಳು ಹಾಗೆ ನಿಂತಿರುವುದನ್ನು ಕಂಡರೆ ನನ್ನ ಗಂಟಲೂ ಕಟ್ಟುತ್ತದೆ. ಆಮೇಲೆ ನಾನು ಓದುವುದು ಪದಕಗಳ ಹೆಸರುಗಳನ್ನು. ಯಾರದೋ ತಂದೆ, ಯಾರದೋ ತಾಯಿ, ನಿವೃತ್ತರಾದ ಮೇಷ್ಟ್ರು, ಒಂದು ಮಠದ ಹಿರಿಯ ಸ್ವಾಮಿಗಳು, ಎಳೆಯ ವಯಸ್ಸಿಗೇ ತೀರಿಕೊಂಡ ಮಗ. ಒಂದೊಂದು ಹೆಸರಿನ ಹಿಂದೆಯೂ ಒಂದು ಮನೆ, ಆ ಮನೆಯವರು ಕೂತು ಮಾತಾಡಿ ತೆಗೆದಿಟ್ಟ ಒಂದಿಷ್ಟು ದುಡ್ಡು. ಇದಕ್ಕೆ ನಾವು ದತ್ತಿ ಅನ್ನುತ್ತೇವೆ.

ದತ್ತಿಯ ಮೇಲೆ ನನಗೆ ಗೌರವವಿದೆ. ಆ ಗೌರವ ಇರುವುದರಿಂದಲೇ ಅದು ನಮ್ಮ ಕಣ್ಣೆದುರೇ ಸೊರಗುತ್ತಿರುವುದನ್ನು ಹೇಳಬೇಕಾಗಿದೆ.

ನಮ್ಮ ಮನೆಯ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರು. ಅವರು ಹೋದ ಮೇಲೆ, 1996ರಲ್ಲಿ, ಅಮ್ಮ ಅವರ ಗ್ರಾಚ್ಯುಟಿ ಹಣದಲ್ಲಿ 10,000 ರೂಪಾಯಿ ತೆಗೆದು ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಅಪ್ಪನ ಹೆಸರಿಗೆ ದತ್ತಿ ಇಟ್ಟಳು. ಮೊದಲ ಸ್ಥಾನ ಬಂದವರಿಗೆ ಪ್ರತಿ ವರ್ಷ ಚಿನ್ನದ ಪದಕ ಕೊಡಬೇಕು ಎಂದು ಪತ್ರವಾಯಿತು. ಆಗ ಬ್ಯಾಂಕಿನ ದೀರ್ಘಾವಧಿ ಠೇವಣಿಗೆ ಶೇ. 12ರ ಆಸುಪಾಸು ಬಡ್ಡಿ ಬರುತ್ತಿತ್ತು. ವರ್ಷಕ್ಕೆ 1,200 ರೂಪಾಯಿ. ಹತ್ತು ಗ್ರಾಂ ಚಿನ್ನಕ್ಕೆ ಆಗ ಹತ್ತಿರ ಹತ್ತಿರ 5,000. ಅಂದರೆ ಬಡ್ಡಿ ದುಡ್ಡಿನಲ್ಲಿ ಎರಡು ಗ್ರಾಮಿಗೂ ಮಿಕ್ಕಿ ಚಿನ್ನ ಬರುತ್ತಿತ್ತು. ಪುಟ್ಟದಾದರೂ ನಿಜವಾದ ಪದಕ.

ಈಗ ಅದೇ 10,000ಕ್ಕೆ ಶೇ. 6.5ರಂತೆ ಬರುವುದು 650 ರೂಪಾಯಿ. ಚಿನ್ನ ಗ್ರಾಮಿಗೆ 10,000 ದಾಟಿದೆ. ಅಕ್ಕಸಾಲಿಗರ ಹಳೆಯ ತೂಕದಲ್ಲಿ ಒಂದು ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ. ಅಪ್ಪನ ಹೆಸರಿನಲ್ಲಿ ಇವತ್ತು ಕೊಳ್ಳಬಹುದಾದದ್ದು ಹೆಚ್ಚೆಂದರೆ ಅರ್ಧ ಗುಲಗಂಜಿ ಚಿನ್ನ. ಪದಕ ಮೊದಲು ಬೆಳ್ಳಿಯ ಮೇಲಿನ ಚಿನ್ನದ ನೀರಾಯಿತು, ಆಮೇಲೆ ಹಿತ್ತಾಳೆಯಾಯಿತು, ಕೊನೆಗೆ ಒಂದು ಪ್ರಮಾಣಪತ್ರ ಮತ್ತು ಲಕೋಟೆಗೆ ಬಂದು ನಿಂತಿತು. ಇದರಲ್ಲಿ ಯಾರೂ ಮೋಸ ಮಾಡಲಿಲ್ಲ. ಅಸಲು ಒಂದು ರೂಪಾಯಿಯೂ ಕಡಿಮೆಯಾಗಿಲ್ಲ, ಪುಸ್ತಕದಲ್ಲಿ ಲೆಕ್ಕ ಸರಿಯಾಗಿದೆ. ದತ್ತಿ ಮಾತ್ರ ಕರಗಿದೆ. ಪ್ರತಿ ವರ್ಷದ ಬಡ್ಡಿಯಲ್ಲಿ ಮೂರನೆಯ ಒಂದು ಪಾಲನ್ನು ಅಸಲಿಗೆ ಮರಳಿ ಸೇರಿಸಿದ್ದರೆ ಆ ಹತ್ತು ಸಾವಿರ ಇಷ್ಟು ಹೊತ್ತಿಗೆ ಸುಮಾರು ಎರಡು ಪಟ್ಟಾಗಿರುತ್ತಿತ್ತು. ಹಾಗೆ ಮಾಡಿ ಎಂದು ಪತ್ರದಲ್ಲಿ ಬರೆಸಬೇಕೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಗೊತ್ತಿದ್ದವರು ಈ ನಾಡಿನಲ್ಲಿ ಬಹಳ ಹಿಂದೆಯೇ ಇದ್ದರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ದೇವಾಲಯವನ್ನು ನೋಡಿರುತ್ತಾರೆ. ಅಲ್ಲಿದ್ದ ಕೋಡಿಯ ಮಠ ಕಾಳಾಮುಖ ಯತಿಗಳದು. 1162ರ ಒಂದು ಶಾಸನ ಆ ಮಠವನ್ನು ವರ್ಣಿಸುವ ರೀತಿ ಓದಿದರೆ ಒಂದು ವಿಶ್ವವಿದ್ಯಾಲಯದ ಕೈಪಿಡಿ ಓದಿದ ಹಾಗಾಗುತ್ತದೆ. ನಾಲ್ಕು ವೇದ, ಹಲವು ವ್ಯಾಕರಣ ಪದ್ಧತಿಗಳು, ಆರು ದರ್ಶನ, ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಅಲ್ಲಿ ಜಾಗ. ರೋಗಿಗಳಿಗೆ ಚಿಕಿತ್ಸೆ. ದಿಕ್ಕಿಲ್ಲದವರಿಗೆ, ಕಣ್ಣಿಲ್ಲದವರಿಗೆ, ಬೇರೆ ಮತದ ಸಂನ್ಯಾಸಿಗಳಿಗೂ ಅನ್ನ. ಇದೆಲ್ಲ ನಡೆಯುತ್ತಿದ್ದುದು ಮಠಕ್ಕೆ ಬಿಟ್ಟ ದತ್ತಿಯಿಂದ. ಆ ದತ್ತಿ ಭೂಮಿಯ ರೂಪದಲ್ಲಿತ್ತು. ಗದ್ದೆ ಬೆಳೆ ಕೊಡುತ್ತದೆ, ಬೆಲೆ ಏರಿದರೆ ಬೆಳೆಯ ಬೆಲೆಯೂ ಏರುತ್ತದೆ.

ನಮ್ಮ ದತ್ತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಇವನ್ನು ದುರಸ್ತಿ ಮಾಡಿಸಲಿಕ್ಕೆ ಇಷ್ಟು ಎಂದು ಮೊದಲೇ ತೆಗೆದಿಡುವುದು. ಕಟ್ಟುವ ದಿನವೇ ಅದು ಒಡೆಯುವ ದಿನವನ್ನೂ ನೆನೆದವರ ಮಾತು ಅದು. ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಇತ್ತು. ತಾನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದು ಎರಡು ಪಾಲು ಪುಣ್ಯ ಎಂದು ಶಾಸನದ ಕೊನೆಯಲ್ಲಿ ಕಲ್ಲಿನಲ್ಲೇ ಕೆತ್ತಿಸುತ್ತಿದ್ದರು. ಇವತ್ತಿನ ನಮ್ಮ ದತ್ತಿಪತ್ರಗಳಲ್ಲಿ ಈ ಎರಡೂ ಇಲ್ಲ. ಕಾಪಾಡುವುದು ಯಾರ ಕೆಲಸ ಎಂದು ಕೇಳಿದರೆ ಹಣಕಾಸು ವಿಭಾಗದ ಕಡೆ ಕೈ ತೋರಿಸುತ್ತಾರೆ.

ಹಾಗೆಂದು ಹಳೆಯದಕ್ಕೆ ಕೈ ಮುಗಿದು ಸುಮ್ಮನಾಗುವುದು ನನ್ನಿಂದ ಆಗದು. ದತ್ತಿ ಭೂಮಿಯನ್ನು ಉತ್ತವರು ಯಾರೋ, ಅದರ ಫಲದಿಂದ ಓದಿದವರು ಯಾರೋ. ಉಳುವವರ ಮಕ್ಕಳಿಗೆ ಆ ಪಾಠಶಾಲೆಗಳ ಬಾಗಿಲು ತೆರೆದಿರಲಿಲ್ಲ. ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದ 1951ರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆಯಲ್ಲಿ ನಿಂತುಕೊಂಡು ಆ ಭೂದತ್ತಿಯ ಕಾಲವೇ ಮರಳಿ ಬರಲಿ ಎಂದು ಯಾರೂ ಹೇಳಲಾರರು. ನಾವು ಕಲಿಯಬೇಕಾದ್ದು ಆ ಒಂದು ಎಚ್ಚರವನ್ನು ಮಾತ್ರ.

ಭದ್ರಾವತಿಯಲ್ಲಿ ಬೆಳೆದವರಿಗೆ ದಾನ ಮತ್ತು ಹೆಸರು ಎಂದ ಕೂಡಲೇ ವಿಶ್ವೇಶ್ವರಯ್ಯನವರು ನೆನಪಾಗುತ್ತಾರೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಕುಸಿಯುತ್ತಿದ್ದಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಎತ್ತಿ ನಿಲ್ಲಿಸಿದವರು ಅವರು. ಆ ಕೆಲಸಕ್ಕೆ ಸರ್ಕಾರದಿಂದ ಬರಬೇಕಿದ್ದ ಸಂಭಾವನೆ ಲಕ್ಷ ರೂಪಾಯಿಗೂ ಮಿಕ್ಕಿತ್ತು. ತಮ್ಮ ಕೈಗೆ ಒಂದು ರೂಪಾಯಿಯೂ ಬೇಡ, ಹುಡುಗರಿಗೆ ಕಸುಬು ಕಲಿಸುವ ಒಂದು ಶಾಲೆ ತೆರೆಯಿರಿ ಎಂದರು. ಶಾಲೆಗೆ ಅವರದೇ ಹೆಸರಿಡುವ ಮಾತು ಬಂದಾಗ ಅದನ್ನೂ ಬೇಡವೆಂದು ಮಹಾರಾಜರ ಹೆಸರು ಸೂಚಿಸಿದರು. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ, ಎಲ್ಲರ ಬಾಯಲ್ಲಿ ಎಸ್‌ಜೆಪಿ, ಹುಟ್ಟಿದ್ದು ಹಾಗೆ. ಭದ್ರಾವತಿಯ ಕುಲುಮೆಯ ಮುಂದೆ ಬೆವರಿದವರ ದುಡಿಮೆಯ ಒಂದು ಪಾಲು ಅಲ್ಲಿ ಎಷ್ಟು ಸಾವಿರ ಹುಡುಗರ ಕೈಗೆ ಕಸುಬಾಯಿತೋ. ಇತ್ತ ಕಾರ್ಖಾನೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಇಟ್ಟರು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಜೊತೆ ವಿಲೀನವಾಯಿತು, 2023ರಲ್ಲಿ ಮುಚ್ಚುವ ಆದೇಶ ಬಂದು ಊರಿಗೆ ಊರೇ ಬೀದಿಗಿಳಿಯಿತು. ಅವರು ತಮ್ಮ ಹೆಸರು ಬೇಡವೆಂದ ಶಾಲೆ ಪಾಠ ಮಾಡುತ್ತಿದೆ. ಅವರ ಹೆಸರು ಹೊತ್ತ ಕಾರ್ಖಾನೆಯ ಗೇಟಿನ ಮುಂದೆ ನಿಂತಾಗ ನನಗಾಗುವ ಸಂಕಟವನ್ನು ಕಾರ್ಖಾನೆಯವರ ಬಡಾವಣೆಯಾದ ನ್ಯೂಟೌನಿನ ಯಾರನ್ನು ಕೇಳಿದರೂ ಹೇಳುತ್ತಾರೆ.

ಜೆಮ್‌ಶೆಡ್‌ಜಿ ಟಾಟಾ ಅವರದೂ ಇಂಥದೇ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಎತ್ತಿಟ್ಟರೂ ತಮ್ಮ ಹೆಸರು ಇಡಕೂಡದು ಎಂದರು. ಮೈಸೂರು ಮಹಾರಾಜರು 371 ಎಕರೆ ಜಾಗ ಕೊಟ್ಟರು. 1909ರಲ್ಲಿ ಸಂಸ್ಥೆ ಆಗುವ ಹೊತ್ತಿಗೆ ಟಾಟಾ ಇರಲಿಲ್ಲ. ಬೆಂಗಳೂರಿನ ಜನ ಮಾತ್ರ ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅದೇ ಆವರಣದಲ್ಲಿ ಆಸ್ಪತ್ರೆ ಕಟ್ಟಲು 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಟ್ಟರು. 800 ಹಾಸಿಗೆಯ ಆ ಆಸ್ಪತ್ರೆಗೆ ಅವರ ಹೆಸರು. ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಹೆಸರಿನ ಆಸೆ ಮನುಷ್ಯ ಸಹಜ. ಆಸ್ಪತ್ರೆ ನಡೆದರೆ ಹೆಸರೂ ನಡೆಯುತ್ತದೆ. ಶಿವಮೊಗ್ಗದಲ್ಲಿ ಯಾರಿಗಾದರೂ ಕಾಯಿಲೆ ಹೆಚ್ಚಾದರೆ "ಮೆಗ್ಗಾನಿಗೆ ಸೇರಿಸಿದಾರೆ" ಎನ್ನುತ್ತೇವೆ. ಮೆಗ್ಗಾನ್ ಎಂಬುದು ಹಳೇ ಮೈಸೂರು ಸಂಸ್ಥಾನದ ಕಾಲದ ಒಬ್ಬ ವೈದ್ಯರ ಹೆಸರು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ಊರಿನ ಅರ್ಧ ಜನ ಹುಟ್ಟಿದ್ದು ಆ ಹೆಸರಿನಡಿಯಲ್ಲೇ.

ನನ್ನ ತಕರಾರು ಹೆಸರಿನ ಬಗ್ಗೆ ಅಲ್ಲ, ಹೆಸರನ್ನು ಎಲ್ಲಿ ಕೂರಿಸುತ್ತೇವೆ ಎಂಬುದರ ಬಗ್ಗೆ. ನಮ್ಮ ಕಡೆಯ ಕಾಲೇಜುಗಳ ಹಳೆಯ ಕೊಠಡಿಗಳಿಗೆ ಹೋಗಿ ನೋಡಿ. ಬಾಗಿಲ ಪಕ್ಕದಲ್ಲಿ ಅಮೃತಶಿಲೆಯ ಫಲಕ, ಕೊಠಡಿ ಕಟ್ಟಿಸಿಕೊಟ್ಟವರ ಹೆಸರು, ಇಸವಿ. ಒಳಗೆ ಹಂಚಿನ ಸಂದಿಯಲ್ಲಿ ಮಳೆಗಾಲದ ನೀರು ಇಳಿದು ಗೋಡೆಗೆ ಹಸಿರು ಪಾಚಿ ಹತ್ತಿರುತ್ತದೆ. ಫಲಕಕ್ಕೆ ಏನೂ ಆಗಿರುವುದಿಲ್ಲ. ಮೇಲೆ ಫ್ಯಾನಿನ ಮೂರು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು. ನಾನು ಓದಿದ ಕೊಠಡಿಯಲ್ಲಿ ಅಂಥದೊಂದು ಫ್ಯಾನ್ ಇತ್ತು. ಏಪ್ರಿಲ್ ಪರೀಕ್ಷೆಯ ದಿನ ಅದು ತಿರುಗುತ್ತಿದ್ದಾಗ ಹೆಸರು ಕಾಣುತ್ತಿರಲಿಲ್ಲ, ಗಾಳಿ ಬರುತ್ತಿತ್ತು. ಕೆಟ್ಟು ನಿಂತ ವರ್ಷ ಇಡೀ ತರಗತಿ ಆ ಹೆಸರನ್ನು ಓದಿ ಓದಿ ಬಾಯಿಪಾಠ ಮಾಡಿಕೊಂಡಿತು.

ಒಳ್ಳೆಯ ಮಾದರಿಯೂ ನಮ್ಮ ಊರಲ್ಲೇ ಇದೆ. ಶಿವಮೊಗ್ಗದ ಬಿ.ಎಚ್. ರಸ್ತೆಯ ಕರ್ನಾಟಕ ಸಂಘ ಶುರುವಾದದ್ದು 1930ರಲ್ಲಿ. ಅದು ಇವತ್ತಿಗೂ ನಡೆಯುವುದು ಹಸೂಡಿ ವೆಂಕಟಶಾಸ್ತ್ರಿಗಳು ಕೊಟ್ಟ, ಅವರದೇ ಹೆಸರಿನ ಭವನದಲ್ಲಿ. ಸಂಘ ವರ್ಷ ವರ್ಷ ಪುಸ್ತಕ ಬಹುಮಾನ ಕೊಡುತ್ತದೆ. ಕಾದಂಬರಿಗೆ ಕುವೆಂಪು ಹೆಸರು, ಲೇಖಕಿಯರ ಪುಸ್ತಕಕ್ಕೆ ಎಂ.ಕೆ. ಇಂದಿರಾ, ಅನುವಾದಕ್ಕೆ ಎಸ್.ವಿ. ಪರಮೇಶ್ವರ ಭಟ್ಟ, ಮುಸ್ಲಿಂ ಬರಹಗಾರರ ಪುಸ್ತಕಕ್ಕೆ ಪಿ. ಲಂಕೇಶ್, ಮಕ್ಕಳ ಸಾಹಿತ್ಯಕ್ಕೆ ನಾ. ಡಿಸೋಜ, ವಿಜ್ಞಾನ ಸಾಹಿತ್ಯಕ್ಕೆ ಹಸೂಡಿ ವೆಂಕಟಶಾಸ್ತ್ರಿ. ಈ ಪಟ್ಟಿಯಲ್ಲಿ ನನಗೆ ಹಿಡಿಸುವುದು ಅದರ ಹಿಂದಿನ ವಿವೇಚನೆ. ಯಾವ ಹೆಸರಿಗೆ ಯಾವ ಕೆಲಸ ಒಪ್ಪುತ್ತದೆ ಎಂದು ಯಾರೋ ಕೂತು ಯೋಚಿಸಿದ್ದಾರೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಬೆರಳೆಣಿಕೆಯಷ್ಟು. ಅಂಥವರನ್ನು ಹುಡುಕಿ ಕರೆದು ಶಾಲು ಹೊದಿಸುವ ಜವಾಬ್ದಾರಿಯನ್ನು ಕಟ್ಟಡ ಕೊಟ್ಟವರ ಹೆಸರಿಗೆ ವಹಿಸಿದ್ದಾರೆ.

ಕುವೆಂಪು ವಿಶ್ವವಿದ್ಯಾಲಯದ ಪದಕಗಳ ಹಿಂದೆ ಇಂಥ ಯೋಚನೆ ನನಗೆ ಕಾಣುವುದಿಲ್ಲ. ಈ ವಿಶ್ವವಿದ್ಯಾಲಯ 1987ರಲ್ಲಿ ಹುಟ್ಟಿತು; ಶಂಕರಘಟ್ಟದಲ್ಲಿರುವ ಅದರ ಆವರಣ ಜ್ಞಾನ ಸಹ್ಯಾದ್ರಿ ಇರುವುದು ಭದ್ರಾವತಿ ತಾಲ್ಲೂಕಿನ ಕಾಡಂಚಿನಲ್ಲಿ. ಬರುವ ಮಕ್ಕಳಲ್ಲಿ ಬಹಳಷ್ಟು ಜನ ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರು. ಅವರ ಕಷ್ಟ ಏನು ಎಂದು ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಕೇಳಿ, ಬೆಳಗಿನ ಬಸ್ಸಿನಲ್ಲಿ ಕೇಳಿ. ಮೆಸ್ ಬಿಲ್ಲು ಬಾಕಿ, ಪರೀಕ್ಷಾ ಶುಲ್ಕ ಕಟ್ಟಲು ತಡ, ಸಂಶೋಧನೆಗೆ ಬೇಕಾದ ಪುಸ್ತಕ ಗ್ರಂಥಾಲಯದಲ್ಲಿಲ್ಲ. ದತ್ತಿಗಳು ಹೋಗುವುದು ಅತ್ತ ಅಲ್ಲ, ಒಂದೇ ಒಂದು ರ‍್ಯಾಂಕಿನ ಕಡೆಗೆ. ಒಬ್ಬರೇ ಏಳೆಂಟು ಪದಕ ಪಡೆಯುತ್ತಾರೆ. ಅರ್ಧ ಅಂಕ ಹಿಂದೆ ಬಿದ್ದವರಿಗೆ ಒಂದೂ ಇಲ್ಲ. ಹಣ ಇಲ್ಲದೆ ಎರಡನೇ ಸೆಮಿಸ್ಟರಿಗೆ ಓದು ಬಿಟ್ಟು ಅಡಿಕೆ ಸುಲಿಯಲು ಹೋದವಳ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ದಾನಿಗಳನ್ನು ದೂರಲಾರೆ. ದತ್ತಿ ಇಡಲು ಬಂದವರ ಮುಂದೆ ಸಂಸ್ಥೆಗಳು ಇಡುವ ನಮೂನೆ ಅದೊಂದೇ: ಇಂಥ ವಿಷಯ, ಅತಿ ಹೆಚ್ಚು ಅಂಕ, ಇಂಥವರ ಸ್ಮರಣಾರ್ಥ. "ನಿಮ್ಮ ತಂದೆಯವರ ಹೆಸರಿನಲ್ಲಿ ಪ್ರತಿ ವರ್ಷ ಇಬ್ಬರು ಮಕ್ಕಳ ಪರೀಕ್ಷಾ ಶುಲ್ಕ ಕಟ್ಟೋಣ" ಎಂದೋ, "ನಿಮ್ಮ ತಾಯಿಯವರ ಹೆಸರಿನಲ್ಲಿ ಒಂದು ಕಪಾಟು ಪುಸ್ತಕ ತರಿಸೋಣ, ಹರಿದದ್ದಕ್ಕೆ ರಟ್ಟು ಕಟ್ಟಿಸೋಣ" ಎಂದೋ ಕಚೇರಿಯಲ್ಲಿ ಯಾರಾದರೂ ಹೇಳಿದರೆ ಒಲ್ಲೆ ಎನ್ನುವ ಮನೆ ನಮ್ಮ ಜಿಲ್ಲೆಯಲ್ಲಿ ಇರಲಾರದು. ಇಟ್ಟ ದತ್ತಿಗಳ ಅಸಲು ಎಷ್ಟು, ಬಡ್ಡಿ ಎಷ್ಟು, ಯಾರಿಗೆ ಹೋಯಿತು ಎಂಬ ನಾಲ್ಕು ಸಾಲಿನ ಲೆಕ್ಕವನ್ನು ವರ್ಷಕ್ಕೊಮ್ಮೆ ದಾನಿಗಳ ಮನೆಗೆ ಕಳಿಸುವುದಕ್ಕೆ ಖರ್ಚಾಗುವುದು ಒಂದು ಅಂಚೆಚೀಟಿ. ಕರಗಿಹೋದ ಸಣ್ಣ ಸಣ್ಣ ದತ್ತಿಗಳನ್ನು ಮನೆಯವರ ಒಪ್ಪಿಗೆ ಪಡೆದು ಒಟ್ಟುಗೂಡಿಸಿ, ಎಲ್ಲ ಹೆಸರನ್ನೂ ಉಳಿಸಿಕೊಂಡು, ಒಂದೇ ನಿಧಿ ಮಾಡಬಹುದು. ಇಪ್ಪತ್ತು ಜನರ 650 ರೂಪಾಯಿ ಸೇರಿದರೆ 13,000. ಅಷ್ಟರಲ್ಲಿ ಓದು ಬಿಡಲಿದ್ದ ಒಂದೆರಡು ಮಕ್ಕಳಾದರೂ ನಿಲ್ಲುತ್ತವೆ.

ಕಳೆದ ದೀಪಾವಳಿಗೆ ಅಕ್ಕ, ನಾನು ಸೇರಿ ಅಪ್ಪನ ದತ್ತಿಗೆ ಒಂದಿಷ್ಟು ಹಣ ಸೇರಿಸುವುದೆಂದು ಮಾತಾಡಿಕೊಂಡೆವು. ಪದಕದ ಷರತ್ತು ತೆಗೆಯೋಣ ಎಂದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಪ್ಪ ನೈಟ್ ಶಿಫ್ಟಿಗೆ ಹೋಗ್ತಾ ಬುತ್ತಿ ತಗೊಂಡ್ ಹೋಗ್ತಿದ್ರು, ಹಸ್ಕೊಂಡು ಕೆಲ್ಸ ಆಗಲ್ಲ ಅಂತಿದ್ರು. ಊಟದ ದುಡ್ಡಿಗೇ ಹಾಕಿ" ಎಂದಳು. ಒಂದು ಹಾಳೆಯಲ್ಲಿ ಬರೆದೆವು: ಬಡ್ಡಿಯ ಮೂರನೇ ಒಂದು ಪಾಲು ಅಸಲಿಗೆ, ಉಳಿದದ್ದು ಹಾಸ್ಟೆಲಿನಲ್ಲಿ ಬಿಲ್ಲು ಕಟ್ಟಲಾಗದವರ ಊಟಕ್ಕೆ, ಪ್ರತಿ ಮಾರ್ಚ್ ಕೊನೆಗೆ ಅಮ್ಮನ ವಿಳಾಸಕ್ಕೆ ಲೆಕ್ಕ. ಕಾಲೇಜಿನವರು ಆಡಳಿತ ಮಂಡಳಿಯ ಮುಂದಿಡುತ್ತೇವೆ ಎಂದು ಹಾಳೆ ಇಟ್ಟುಕೊಂಡಿದ್ದಾರೆ. ಅಮ್ಮ ಅದರ ಜೆರಾಕ್ಸನ್ನು ಅಪ್ಪನ ಹಳೆಯ ಕಾರ್ಖಾನೆ ಪಾಸಿನ ಜೊತೆ ಟ್ರಂಕಿನಲ್ಲಿಟ್ಟು, ಮಾರ್ಚಿಗೆ ಇನ್ನೆಷ್ಟು ತಿಂಗಳು ಎಂದು ಕೇಳುತ್ತಿರುತ್ತಾಳೆ.